ಅಜ್ಜಿಯನ್ನು ಕೇಳದೆ ತುಂಬಿಸಿದ 12ಡಿ

ನಾನು ಮಲೆನಾಡಿನ ಒಂದು ಸಣ್ಣ ಊರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಪಾಠದ ಜೊತೆ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿಯ ಕೆಲಸವೂ ತಲೆ ಮೇಲಿದೆ. ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವುದು, ತೀರಿಹೋದವರ ಹೆಸರು ತೆಗೆಸುವುದು, 18 ತುಂಬಿದವರನ್ನು ಸೇರಿಸುವುದು, ಇಂಥವೇ.

2023ರ ವಿಧಾನಸಭೆ ಚುನಾವಣೆಗೆ ಹೊಸದೊಂದು ಸೇರಿಕೊಂಡಿತು. 80 ದಾಟಿದವರು, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಮನೆಯಲ್ಲೇ ಮತ ಹಾಕಬಹುದು ಅಂತಾಯಿತು. 2019ರಲ್ಲಿ ನಿಯಮ ತಿದ್ದಿ ಜಾರ್ಖಂಡ್‌ನ ಕೆಲವು ಕ್ಷೇತ್ರಗಳಲ್ಲಿ ಶುರು ಮಾಡಿದ್ದು ಇದು. ಕಾನೂನಿನಲ್ಲಿ ಇವರು 'ಗೈರುಹಾಜರಿ ಮತದಾರರು'. ಮಂಚ ಬಿಟ್ಟು ಏಳಲಾಗದವರಿಗೆ ಗೈರುಹಾಜರಿ ಅಂತೀರಲ್ಲ ಅಂತ ನಗು ಬರುತ್ತೆ. ಇರಲಿ, ಸೌಲಭ್ಯ ಒಳ್ಳೆಯದೇ. ಬೇಕಾದವರು ಅಧಿಸೂಚನೆ ಹೊರಟ ಐದು ದಿನದೊಳಗೆ ನಮೂನೆ 12ಡಿ ತುಂಬಿಕೊಡಬೇಕು.

ಐದೇ ದಿನ ಅಂದಮೇಲೆ ಅವಸರ. ಒಂದು ಮನೆಯಲ್ಲಿ 82ರ ಅಜ್ಜಿ. ಬೆಂಗಳೂರಿನಿಂದ ಬಂದಿದ್ದ ಮಗ ಜಗಲಿಯಲ್ಲೇ ಫಾರಂ ತುಂಬಿ, ತನ್ನ ಮೊಬೈಲ್ ನಂಬರ್ ಬರೆದು, ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ನಾನು ಚಪ್ಪಲಿಯನ್ನೂ ಬಿಚ್ಚಲಿಲ್ಲ. ಕಾಫಿ ಕುಡಿದು ಮುಂದಿನ ಮನೆಗೆ ನಡೆದೆ.

12ಡಿ ಒಪ್ಪಿಗೆಯಾದರೆ ಪಟ್ಟಿಯಲ್ಲಿ ಹೆಸರಿನ ಎದುರು 'ಪಿಬಿ' ಅಂತ ಗುರುತು ಬೀಳುತ್ತೆ. ಅಂಚೆ ಮತಪತ್ರ ಅಂತ ಅರ್ಥ. ಒಬ್ಬರೇ ಎರಡು ಸಲ ಹಾಕಬಾರದಲ್ಲ, ಹಾಗಾಗಿ ಅವರು ಮತ್ತೆ ಬೂತಲ್ಲಿ ಹಾಕುವಂತಿಲ್ಲ. ಮತ ಹಾಕಿಸಿಕೊಳ್ಳಲು ಮನೆಗೆ ಬರುವ ತಂಡಕ್ಕೆ ಮೊದಲ ಸಲ ಅವರು ಸಿಗದಿದ್ದರೆ ತಂಡ ಇನ್ನೊಮ್ಮೆ ಬರುತ್ತೆ. ಆಗಲೂ ಸಿಗದಿದ್ದರೆ ಮುಗಿಯಿತು. ಇದೆಲ್ಲ ತರಬೇತಿಯಲ್ಲಿ ಹೇಳಿದ್ದರು. ನನಗೆ ಗೊತ್ತಿತ್ತು. ಅಜ್ಜಿಗೆ ಗೊತ್ತಿರಲಿಲ್ಲ.

ತಂಡ ಬರುವ ದಿನದ ಸುದ್ದಿ ಹೋಗಿದ್ದು ಮಗನ ಫೋನಿಗೆ. ಅವರು ಮನೆಗೆ ತಿಳಿಸಲು ಮರೆತರು. ಮೊದಲ ಸಲ ಅಜ್ಜಿ ನೆಂಟರ ಮದುವೆಗೆ ಹೋಗಿದ್ದರು, ಎರಡನೇ ಸಲ ಮಗಳ ಮನೆಯಲ್ಲಿದ್ದರು. ಗೈರುಹಾಜರಿ ಮತದಾರರು ನಿಜವಾಗಿಯೂ ಗೈರುಹಾಜರು!

ಮೇ 10ರಂದು ನಾನು ಬೂತಿನ ಹೊರಗೆ ಕೂತು ಜನರಿಗೆ ಕ್ರಮಸಂಖ್ಯೆ ಹುಡುಕಿಕೊಡುತ್ತಿದ್ದೆ. ಹತ್ತರ ಹೊತ್ತಿಗೆ ಆಟೋ ಬಂತು. ಅಜ್ಜಿ ಇಳಿದರು. ಕಡುನೀಲಿ ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ವೋಟರ್ ಕಾರ್ಡು. ಒಳಗೆ ಹೋದವರು ಐದು ನಿಮಿಷಕ್ಕೆ ವಾಪಸ್ ಬಂದರು.

"ಏನ್ ಮೇಷ್ಟ್ರೇ, ನಂದು ಆಗ್ಲೇ ಪೋಸ್ಟಿಗೆ ಹೋಗಿದೆಯಂತೆ? ನಾನ್ ಯಾವಾಗ ಪೋಸ್ಟ್ ಮಾಡ್ದೆ?"

ಮತಗಟ್ಟೆ ಅಧಿಕಾರಿಯದ್ದು ತಪ್ಪಿಲ್ಲ, ಗುರುತು ಇದ್ದಮೇಲೆ ಬಿಡುವ ಹಾಗಿಲ್ಲ. ಮಗನ ಹೆಸರು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಫಾರಂ ತೆಗೆದುಕೊಂಡವನು ನಾನೇ ಅಲ್ವಾ? "ನಂದೇ ತಪ್ಪಜ್ಜಿ" ಅಂದೆ. ಅವರು ಏನೂ ಅನ್ನದೆ ಕಟ್ಟೆ ಮೇಲೆ ಕೂತು, ಬಂದುಹೋಗುವವರನ್ನು ಮಧ್ಯಾಹ್ನದವರೆಗೂ ಮಾತಾಡಿಸುತ್ತಿದ್ದರು. ಅವರಿಗೆ ಬೂತು ಅಂದರೆ ಅರ್ಧ ಅದೇ. ಮನೆಯಲ್ಲಿ ಹಾಕಿದರೆ ಅದೆಲ್ಲಿ ಸಿಗುತ್ತೆ?

2024ರ ಲೋಕಸಭೆ ಚುನಾವಣೆಗೆ 12ಡಿ ಹಿಡಿದು ಹೋದಾಗ ಚಪ್ಪಲಿ ಬಿಚ್ಚಿ ಒಳಗೆ ಹೋದೆ. ಮಕ್ಕಳು, ಸೊಸೆಯಂದಿರ ಜೊತೆ ಮಾತು ಆಮೇಲೆ. ಮೊದಲು ಹಿರಿಯರ ಪಕ್ಕ ಕೂತು, "ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಬೂತಿಗೆ ಬರೋ ಹಾಗಿಲ್ಲ, ಆಗಬಹುದಾ?" ಅಂತ ಜೋರಾಗಿ ಕೇಳುತ್ತಿದ್ದೆ. ಮನೆಯಲ್ಲೇ ಇರುವವರ ಫೋನ್ ನಂಬರನ್ನೇ ಬರೆಸಿದೆ. ಇಬ್ಬರು ಬೇಡ ಅಂದರು. ಒಬ್ಬ ತಾತ ಮಾತ್ರ ಪಾರ್ಶ್ವವಾಯು ಆಗಿ ಮಲಗಿದ್ದರು, ಅವರು ಕೂಡಲೇ ಒಪ್ಪಿದರು.

ಆ ಅಜ್ಜಿಯ ಮನೆಗೆ ಫಾರಂ ಒಯ್ಯುವ ಪ್ರಮೇಯವೇ ಬರಲಿಲ್ಲ. ಅಷ್ಟರಲ್ಲಿ ವಯಸ್ಸಿನ ಮಿತಿ 85ಕ್ಕೆ ಏರಿತ್ತು, ಅವರಿಗೆ 83. ಅದೇ ನೀಲಿ ಸೀರೆಯಲ್ಲಿ ಬಂದು ಮತ ಹಾಕಿ, ಶಾಯಿ ಬಿದ್ದ ಎಡಗೈ ಬೆರಳನ್ನು ನನ್ನ ಮೇಜಿನ ಮುಂದೆ ಒಂದು ಗಳಿಗೆ ಹಿಡಿದು ನಿಂತು, ಕಟ್ಟೆಯ ಕಡೆ ಹೋದರು.