ರಂಗನತಿಟ್ಟು, ಕಬಿನಿ, ಪುತ್ತೂರು ಕಂಬಳ: ಕಡಿಮೆ ದುಡ್ಡಿನ ಲೆನ್ಸ್‌ಗಳೊಂದಿಗೆ ಐದು ದಿನ

ಜನವರಿಯ ಕೊನೆಗೆ ನನ್ನ ತವರು ಪುತ್ತೂರಿನಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ, ಅಂದರೆ ಅಕ್ಕಪಕ್ಕದ ಎರಡು ಕೆಸರಿನ ಕರೆಗಳಲ್ಲಿ (ಓಟದ ಹಾದಿಗಳಲ್ಲಿ) ಕೋಣಗಳ ಓಟ. ಪ್ರತಿ ವರ್ಷ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ನೇರವಾಗಿ ಊರು ಸೇರುತ್ತಿದ್ದವರು ಈ ಸಲ ದಾರಿ ಬದಲಿಸಿದೆವು. ಮೊದಲು ರಂಗನತಿಟ್ಟು, ಅಲ್ಲಿಂದ ಕಬಿನಿ, ಆಮೇಲೆ ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ಮೇಲೆ ಪುತ್ತೂರು. ನಾನು, ನನ್ನ ಯಜಮಾನರು, ಆರು ವರ್ಷದ ಮಗಳು. ಹಕ್ಕಿ, ಕಾಡುಪ್ರಾಣಿ, ಮನೆಮಂದಿ, ಕೋಣಗಳ ಓಟ ಎಲ್ಲವನ್ನೂ ಒಂದೇ ಕ್ಯಾಮೆರಾ ಬ್ಯಾಗಿನಲ್ಲಿ ನಿಭಾಯಿಸಬೇಕಿತ್ತು. ಇದೇ ಹಾದಿಯಲ್ಲಿ ಹೋಗುವವರು, ಅಥವಾ ಹೀಗೆ ನಾಲ್ಕೂ ಬಗೆಯ ಚಿತ್ರಗಳಿಗೆ ಒಂದೆರಡು ಲೆನ್ಸ್ ಕೊಳ್ಳಬೇಕೆಂದು ಹಣ ಕೂಡಿಡುತ್ತಿರುವವರು ನನ್ನ ಅನುಭವವನ್ನು ನೋಡಿ ಮುಂದುವರಿದರೆ ನಾಲ್ಕು ಕಾಸು ಉಳಿದೀತು.

ನನ್ನ ಕ್ಯಾಮೆರಾ ಕ್ಯಾನನ್ 200ಡಿ. ಅದರ ಜೊತೆಗೇ ಬಂದ 18-55 ಲೆನ್ಸ್ ಇತ್ತು (ಈ ಅಂಕಿಗಳು ಮಿಲಿಮೀಟರಿನಲ್ಲಿ, ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರವಾಗಿ ಕಾಣುತ್ತದೆ). ಹೊರಡುವ ಎರಡು ತಿಂಗಳ ಮೊದಲು 55-250 ಐಎಸ್ ಎಸ್‌ಟಿಎಂ ಮತ್ತು 50 ಎಂಎಂ ಎಫ್ 1.8 ಎಸ್‌ಟಿಎಂ, ಈ ಎರಡನ್ನೂ ಸೆಕೆಂಡ್ ಹ್ಯಾಂಡ್ ಕೊಂಡೆ. ಐಎಸ್ ಎಂದರೆ ಕೈನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಎಂಬುದು ಫೋಕಸ್ ಮೋಟರಿನ ಬಗೆ; ಎಫ್‌ನ ಅಂಕಿ ಸಣ್ಣದಾದಷ್ಟು ಲೆನ್ಸ್ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಎರಡಕ್ಕೂ ಸೇರಿ ಹದಿನಾಲ್ಕೂವರೆ ಸಾವಿರವಾಯಿತು. ಮೊದಲ 55-250 ಅನ್ನು ವಾಪಸು ಮಾಡಬೇಕಾಗಿ ಬಂದದ್ದನ್ನು ಇಲ್ಲಿ ಹೇಳಲೇಬೇಕು. ಅಂಗಡಿಯವರು ಹೊಸದರಂತೆಯೇ ಇದೆ ಎಂದು ಕೊಟ್ಟಿದ್ದರು. ಮನೆಗೆ ತಂದು ಕತ್ತಲ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಯಂತೆ ಬೂಷ್ಟು. ತೀರಾ ಸಣ್ಣದು, ಉಗುರಿನ ತುದಿಯಷ್ಟು. ಆದರೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಕರಾವಳಿಯಲ್ಲಿ ಬೆಳೆದವಳು ನಾನು, ಅದು ಅಷ್ಟಕ್ಕೇ ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ಹಳೆಯ ಲೆನ್ಸ್ ಕೊಳ್ಳುವಾಗ ಮೈಮೇಲಿನ ಗೀರುಗಳನ್ನು ನೋಡುತ್ತಾ ಕೂರಬೇಡಿ. ಟಾರ್ಚ್ ಹಾಕಿ ಒಳಗೆ ನೋಡಿ, ಜೂಮ್ ತಿರುಗಿಸಿ ಎಲ್ಲಾದರೂ ತಡೆಯುತ್ತದೆಯೇ ಗಮನಿಸಿ, ನಿಮ್ಮದೇ ಕ್ಯಾಮೆರಾಕ್ಕೆ ಜೋಡಿಸಿ ಹತ್ತಿರದ್ದು ಒಂದು, ದೂರದ್ದು ಒಂದು ಚಿತ್ರ ತೆಗೆಯಿರಿ.

ಹೆಸರು ಹತ್ತಿರವಿರುವ ಲೆನ್ಸ್‌ಗಳ ಬಗ್ಗೆಯೂ ಎಚ್ಚರವಿರಲಿ. ಕ್ಯಾನನ್‌ನ 75-300 ಎಂಬುದು 55-250ಕ್ಕಿಂತ ಉದ್ದವೆಂದು ಅನೇಕರು ಅದನ್ನೇ ಕೊಳ್ಳುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ 75-300ಗಳಲ್ಲಿ ಬಹುಪಾಲು ಕೈನಡುಕವನ್ನು ತಡೆಯುವ ವ್ಯವಸ್ಥೆ ಇಲ್ಲದವು. ಹೆಚ್ಚುವರಿ 50 ಎಂಎಂಗಾಗಿ ಅದನ್ನು ಬಿಟ್ಟುಕೊಡುವುದು ನಷ್ಟದ ವ್ಯಾಪಾರ. ನಿಕಾನ್‌ನ ಡಿ3000, ಡಿ5000 ಸಾಲಿನ ಕ್ಯಾಮೆರಾ ಇರುವವರು ಹಳೆಯ 50 ಎಂಎಂ 1.8ಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಅದು ತಾನಾಗಿ ಫೋಕಸ್ ಆಗುವುದಿಲ್ಲ, ಏಕೆಂದರೆ ಆ ಕ್ಯಾಮೆರಾಗಳೊಳಗೆ ಫೋಕಸ್ ಮೋಟರ್ ಇಲ್ಲ. 1.8ಜಿ ಎಂದು ಬರೆದಿರುವುದನ್ನೇ ಕೇಳಿ. ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾನನ್ ಇರುವವರು ಅಡಾಪ್ಟರ್ ಹಾಕಿ ನಾನು ಕೊಂಡ ಎರಡೂ ಲೆನ್ಸ್‌ಗಳನ್ನು ಬಳಸಬಹುದು, ಫೋಕಸ್ ಚೆನ್ನಾಗಿಯೇ ಆಗುತ್ತದೆ.

ಕಾಡಿಗೆಂದು 150-600 ಲೆನ್ಸ್ ಒಂದನ್ನು ಬೆಂಗಳೂರಿನಲ್ಲೇ ಬಾಡಿಗೆಗೆ ಹಿಡಿದೆವು. ಹೊಸದು ಲಕ್ಷದ ಆಸುಪಾಸಿನದು. ತೂಕ ಹತ್ತಿರ ಹತ್ತಿರ ಎರಡು ಕಿಲೋ. ನನ್ನ 55-250 ತೂಗುವುದು 375 ಗ್ರಾಂ ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ನನಗೆ ಅರ್ಥವಾದದ್ದು ಮೂರನೆಯ ದಿನ, ಹೆಗಲು ನೋಯತೊಡಗಿದಾಗ.

ರಂಗನತಿಟ್ಟಿಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ತಲುಪಿದೆವು. ದೋಣಿಯ ಟಿಕೆಟ್ ಬೇರೆ, ಕ್ಯಾಮೆರಾ ಶುಲ್ಕ ಬೇರೆ. ಕರ್ನಾಟಕದ ಸಫಾರಿಗಳಲ್ಲಿ ಲೆನ್ಸ್ ಉದ್ದವಾದಂತೆ ಶುಲ್ಕವೂ ಏರುವುದುಂಟು. ದರಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಕೌಂಟರಿನಲ್ಲಿ ಮೊದಲೇ ಕೇಳಿ, ಬೇಕಿಲ್ಲದ ದೊಡ್ಡ ಲೆನ್ಸನ್ನು ಕಾರಿನಲ್ಲೇ ಬಿಡಿ. ನಾನು 150-600 ಅನ್ನು ಕಾರಿನಲ್ಲೇ ಬಿಟ್ಟೆ. ಅದರಿಂದ ಏನೂ ಕಳೆದುಕೊಳ್ಳಲಿಲ್ಲ.

ಕಾವೇರಿಯ ನಡುಗಡ್ಡೆಗಳ ಈ ಧಾಮ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಹುಟ್ಟು ಹಾಕುವ ದೋಣಿ ಗೂಡುಗಳಿರುವ ಮರಗಳ ಹತ್ತಿರಕ್ಕೇ ಒಯ್ಯುತ್ತದೆ. ಸುಮಾರು ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ ಹದಿನೈದು ಇಪ್ಪತ್ತು ಮೀಟರ್ ದೂರದಲ್ಲಿದ್ದರೆ 250 ಎಂಎಂನಲ್ಲಿ ಚೌಕಟ್ಟು ತುಂಬಿಹೋಗುತ್ತದೆ. ಕೊಕ್ಕಿನಲ್ಲಿ ಕಡ್ಡಿ ಹಿಡಿದು ಗೂಡಿಗಿಳಿಯುತ್ತಿದ್ದ ಒಂದು ಕೊಕ್ಕರೆಯ ಬೆನ್ನಿನ ತುದಿಯ ಗುಲಾಬಿ ಗರಿಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಬಂದಿವೆ. ಹೆಜ್ಜಾರ್ಲೆ ತಲೆಯ ಮೇಲೇ ಹಾದುಹೋದಾಗ 250ರಿಂದ 100ಕ್ಕೆ ಇಳಿಸಬೇಕಾಯಿತು. ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿದ್ದ ಮೊಸಳೆಯ ಹಲ್ಲುಗಳನ್ನು ಮಗಳು ಕ್ಯಾಮೆರಾದ ಪರದೆಯ ಮೇಲೆ ಎಣಿಸಿದಳು.

ಇಲ್ಲಿ ತೊಂದರೆ ಕೊಡುವುದು ದೂರವಲ್ಲ, ಬಿಳಿ ಬಣ್ಣ. ಹತ್ತು ಗಂಟೆಯ ಬಿಸಿಲಿನಲ್ಲಿ ಬಿಳಿ ಗರಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣವನ್ನು) ಮುಕ್ಕಾಲರಿಂದ ಒಂದು ಅಂಕದಷ್ಟು ಕೆಳಗಿಳಿಸಿ. ಟ್ರೈಪಾಡ್ ಒಯ್ಯಬೇಡಿ, ದೋಣಿಯ ಅಲುಗಾಟಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಸೆಕೆಂಡಿನ ಸಾವಿರದ ಒಂದನೇ ಭಾಗದಷ್ಟು ಶಟರ್ ವೇಗ ಇಟ್ಟುಕೊಂಡರೆ ಸಾಕು. ಹೆಚ್ಚು ಹೊತ್ತು ಸುತ್ತಾಡಬೇಕೆನ್ನುವವರಿಗೆ ಪ್ರತ್ಯೇಕ ದೋಣಿಯೂ ಸಿಗುತ್ತದೆ, ದರ ಹೆಚ್ಚು. ಮಕ್ಕಳಿದ್ದರೆ ಸಾಮಾನ್ಯ ದೋಣಿಯೇ ಸರಿ.

ಕಬಿನಿಯ ಕಥೆ ಬೇರೆ. ಎಚ್.ಡಿ. ಕೋಟೆ ದಾಟಿ ಹೋಗಿ ರಾತ್ರಿ ತಂಗಿ, ಬೆಳಗಿನ ಸಫಾರಿಗೆ ಹೊರಟೆವು. ಸಫಾರಿ ಕೆಲವೊಮ್ಮೆ ದಿಢೀರನೆ ನಿಲ್ಲುವುದುಂಟು, ಆದ್ದರಿಂದ ಹೊರಡುವ ಮೊದಲು ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಜನವರಿಯ ಬೆಳಗು, ಮಂಜು, ಕೈ ಮರಗಟ್ಟುವ ಚಳಿ. ಏಳು ಗಂಟೆಗೆ ಮುನ್ನ ದಾರಿಯ ತಿರುವಿನಲ್ಲಿ ಸೀಳುನಾಯಿಗಳ ಗುಂಪೊಂದು ಕಂಡಿತು, ಏಳೆಂಟು ಇದ್ದಿರಬೇಕು. ಹೆಮ್ಮೆಯ 600 ಎಂಎಂ ಎತ್ತಿದೆ. ಆ ಉದ್ದದಲ್ಲಿ ಈ ಲೆನ್ಸಿನ ಎಪರ್ಚರ್ (ಬೆಳಕು ಒಳಬರುವ ಕಂಡಿ) ಎಫ್ 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸಂವೇದನೆ, 6400 ಇಟ್ಟರೂ ಶಟರ್ ವೇಗ 1/100 ದಾಟಲಿಲ್ಲ. ಲೆನ್ಸಿನೊಳಗಿನ ವ್ಯವಸ್ಥೆ ನನ್ನ ಕೈನಡುಕವನ್ನು ತಡೆಯಿತು, ಆದರೆ ನಾಯಿಗಳ ಓಟವನ್ನು ಯಾವ ವ್ಯವಸ್ಥೆಯೂ ತಡೆಯುವುದಿಲ್ಲ. ಮೂವತ್ತೆರಡು ಚಿತ್ರಗಳಲ್ಲಿ ಉಳಿದದ್ದು ಎರಡು. ಎರಡರಲ್ಲೂ ನಾಯಿ ಅರೆಕ್ಷಣ ನಿಂತು ಹಿಂದಿರುಗಿ ನೋಡಿತ್ತು.

ಎಂಟರ ನಂತರ ಬಿಸಿಲು ಮರಗಳ ಸಂದಿನಿಂದ ಇಳಿದಾಗ ಅದೇ ಲೆನ್ಸ್ ತನ್ನ ಬೆಲೆ ತೋರಿಸಿತು. ದೂರದ ಒಣಮರದ ಮೇಲೆ ಕೂತಿದ್ದ ಹದ್ದಿನ ಕಣ್ಣಿನ ಹಳದಿ ಕೂಡ ಚಿತ್ರದಲ್ಲಿದೆ. 250 ಎಂಎಂನಲ್ಲಿ ಅದು ಬರೀ ಒಂದು ಚುಕ್ಕಿಯಾಗುತ್ತಿತ್ತು. ಆಮೇಲೆ ಒಂಟಿ ಸಲಗವೊಂದು ಬಿದಿರಿನ ಮೆಳೆಯಿಂದ ಹೊರಬಂದು ವಾಹನದಿಂದ ಹದಿನೈದು ಮೀಟರ್ ದೂರದಲ್ಲಿ ನಿಂತಿತು. 150ಕ್ಕೆ ಇಳಿಸಿದರೂ ಚೌಕಟ್ಟಿನಲ್ಲಿ ಹಿಡಿಸಿದ್ದು ಕಣ್ಣು, ಕಿವಿ, ಕೆನ್ನೆಯ ಸುಕ್ಕುಗಳಷ್ಟೇ. ಇಡೀ ಆನೆ ಸಿಕ್ಕಿದ್ದು ಯಜಮಾನರ ಮೊಬೈಲಿನಲ್ಲಿ. ಧೂಳು ಏಳುವ ಸಫಾರಿ ವಾಹನದಲ್ಲಿ ಲೆನ್ಸ್ ಬದಲಿಸಬಾರದು, ಸೆನ್ಸರ್ ಮೇಲೆ ಕೂತ ಧೂಳು ಮುಂದಿನ ಎಲ್ಲ ಚಿತ್ರಗಳಲ್ಲೂ ಮಚ್ಚೆಯಾಗಿ ಕಾಡುತ್ತದೆ. ಹೀಗಾಗಿ ಸಂಜೆಯ ಸಫಾರಿಗೆ 55-250 ಒಂದನ್ನೇ ಹಾಕಿಕೊಂಡು ಹೋದೆ. ಜಿಂಕೆ, ಕಾಟಿ, ಹಿನ್ನೀರಿನಂಚಿನ ಆನೆಗಳ ಹಿಂಡು, ಎಲ್ಲವೂ ಸುತ್ತಲಿನ ಕಾಡಿನ ಸಮೇತ ಬಂದವು. ಮನೆಯ ಗೋಡೆಗೆ ಹಾಕಲು ಆರಿಸಿದ ಚಿತ್ರ ಈ ಸಂಜೆಯದು.

ಒಂದು ಉಪಾಯ ಹೇಳುತ್ತೇನೆ. ಗಟ್ಟಿ ಬಟ್ಟೆಯ ಚೀಲಕ್ಕೆ ಎರಡು ಕಿಲೋ ಹುರುಳಿ ತುಂಬಿ ಬಾಯಿ ಹೊಲಿಯಿರಿ. ವಾಹನದ ಕಂಬಿಯ ಮೇಲೆ ಅದನ್ನಿಟ್ಟು ಲೆನ್ಸ್ ಒರಗಿಸಿದರೆ ಕೈಗೆ ಭಾರವೂ ಇಲ್ಲ, ಅಲುಗಾಟವೂ ಕಡಿಮೆ. ಎಂಜಿನ್ ನಿಲ್ಲಿಸುವಂತೆ ಚಾಲಕರನ್ನು ಮೆಲುದನಿಯಲ್ಲಿ ಕೇಳಿ. ಫ್ಲ್ಯಾಷ್ ಬಳಸಲೇಬಾರದು. ಬಾಡಿಗೆ ಲೆನ್ಸಿನ ಲೆಕ್ಕವನ್ನೂ ಮೊದಲೇ ಹಾಕಿ. ಪುತ್ತೂರಿಗೆ ಹೋಗಿ ಬೆಂಗಳೂರಿಗೆ ಮರಳುವವರೆಗೆ ನಾವು ಐದು ದಿನದ ಬಾಡಿಗೆ ತೆತ್ತೆವು, ಬಳಸಿದ್ದು ಒಂದು ಬೆಳಗು. ದೊಡ್ಡ ಲೆನ್ಸೇ ಬೇಕೆಂದರೆ ಕಬಿನಿಯನ್ನು ಪ್ರತ್ಯೇಕ ಶನಿವಾರ ಭಾನುವಾರಕ್ಕೆ ಇಟ್ಟುಕೊಳ್ಳಿ.

ಮಡಿಕೇರಿಯಲ್ಲಿ ಊಟಕ್ಕೆ ಮಾತ್ರ ನಿಂತೆವು. ಸಂಪಾಜೆಯ ತಿರುವುಗಳಲ್ಲಿ ಮಗಳು ಮಲಗಿಬಿಟ್ಟಳು.

ತವರಿನಲ್ಲಿ ಅಜ್ಜಿ ಅಡುಗೆಮನೆಯ ಕಿಟಕಿಯ ಬಳಿ ಮೆಟ್ಟುಕತ್ತಿಯ ಮುಂದೆ ಕೂತು ಬಾಳೆದಿಂಡು ಹೆಚ್ಚುತ್ತಿದ್ದರು. ಒಂದೊಂದು ಬಿಲ್ಲೆ ಕೊಯ್ದಾಗಲೂ ಎಳೆಯುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗುತ್ತಾರೆ, ಕೊನೆಗೆ ಬೆರಳಿಗೆ ಬೆಳ್ಳಗಿನ ಉಂಗುರ ತೊಟ್ಟಂತಿರುತ್ತದೆ. ಆ ಬೆರಳಿಗೆ 50 ಎಂಎಂ ಹೇಳಿ ಮಾಡಿಸಿದ ಲೆನ್ಸ್. ಎಫ್ 2ರಲ್ಲಿ ನಾರಿನ ಎಳೆ ಸ್ಪಷ್ಟವಾಗಿ, ಹಿಂದಿನ ಮಸಿ ಹಿಡಿದ ಗೋಡೆ ಮೃದುವಾಗಿ ಬಂತು. ಎಫ್ 1.8ರಲ್ಲಿ ಇಷ್ಟು ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಕು, ಆದ್ದರಿಂದ ಸ್ವಲ್ಪ ಮುಚ್ಚಿ ತೆಗೆಯುವುದು ಒಳ್ಳೆಯದು. “ನನ್ನದೇನು ತೆಗೆಯುತ್ತೀ, ಮಗುವಿನದು ತೆಗೆ” ಎಂದರು ಅಜ್ಜಿ. ಮಗಳನ್ನು ಅವರ ಪಕ್ಕ ಕೂರಿಸಿದೆ. ಆಗ ಅಮ್ಮ ಬಂದರು, ಅತ್ತಿಗೆ ಬಂದರು, ಅಷ್ಟೂ ಜನರನ್ನು ಹಿಡಿಸಲು ನಾನು ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗಿತು. ನನ್ನದರಂಥ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 50 ಎಂಎಂ ಸುಮಾರು 80 ಎಂಎಂನಂತೆ ಕೆಲಸ ಮಾಡುತ್ತದೆ. ಮೂರು ಮೀಟರ್ ದೂರದಲ್ಲಿ ಇಬ್ಬರು ಹಿಡಿಸಿದರೆ ಹೆಚ್ಚು.

ಮನೆಯೊಳಗಿನ ಚಿತ್ರಗಳೇ ಮುಖ್ಯವೆನ್ನುವವರು ಮೊದಲು 50 ಕೊಳ್ಳಬೇಡಿ ಎನ್ನುತ್ತೇನೆ, ಎಲ್ಲರೂ ಅದನ್ನೇ ಕೊಳ್ಳಿ ಎಂದರೂ ಸಹ. ಕ್ಯಾನನ್‌ನಲ್ಲಿ 24 ಎಂಎಂ ಎಫ್ 2.8, ನಿಕಾನ್‌ನಲ್ಲಿ 35 ಎಂಎಂ ಎಫ್ 1.8ಜಿ ಡಿಎಕ್ಸ್ ಸಣ್ಣ ಕೋಣೆಗಳಿಗೆ ಹೆಚ್ಚು ಒಗ್ಗುತ್ತವೆ. ಆ ದಿನ ನನ್ನನ್ನು ಕಾಪಾಡಿದ್ದು ಕ್ಯಾಮೆರಾದ ಜೊತೆ ಬಂದ 18-55. ಎಲ್ಲರನ್ನೂ ಜಗಲಿಗೆ ಕರೆದು, ಅಂಗಳದ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ ತೆಗೆದೆ. ಅದನ್ನು ಮೂಲೆಗೆಸೆಯಬೇಡಿ.

ಇನ್ನು ಕಂಬಳ. ನವೆಂಬರಿನಿಂದ ಶುರುವಾಗಿ ಮಾರ್ಚ್‌ವರೆಗೂ ಕರಾವಳಿಯುದ್ದಕ್ಕೂ ವಾರಾಂತ್ಯಗಳಲ್ಲಿ ನಡೆಯುತ್ತದೆ, ದಿನಾಂಕಗಳ ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಪುತ್ತೂರಿನದು ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ. ಬೆಳಿಗ್ಗೆ ಶುರುವಾದರೆ ರಾತ್ರಿಯಿಡೀ ನಡೆದು ಮರುದಿನವೇ ಮುಗಿಯುವುದು. ಹಗಲಿನಲ್ಲಿ 55-250 ಸಾಕುಬೇಕಾದಷ್ಟಾಯಿತು. ಕರೆಯ ಬದಿಯಲ್ಲಿ ನಿಂತು, ಶಟರ್ 1/1250ಕ್ಕಿಟ್ಟು, ಬೆನ್ನಟ್ಟುವ ಫೋಕಸ್ ಹಾಕಿ, ನಡುವಿನ ಒಂದೇ ಫೋಕಸ್ ಬಿಂದುವನ್ನು ಕೋಣಗಳ ಮುಖದ ಮೇಲೆ ಹಿಡಿದೆ. ಒಂಬತ್ತೂ ಬಿಂದುಗಳನ್ನು ಕ್ಯಾಮೆರಾಕ್ಕೆ ಬಿಟ್ಟರೆ ಅದು ಕೆಸರುನೀರಿನ ಹನಿಗಳ ಮೇಲೆ ಫೋಕಸ್ ಮಾಡಿಬಿಡುತ್ತದೆ. ಕೋಣಗಳು ಎಳೆಯುವ ಹಲಗೆಯ ಮೇಲೆ ಓಟಗಾರ ನಿಂತು ಸಾಗುವ ಕನೆಹಲಗೆ ವಿಭಾಗದಲ್ಲಿ ಮಾತ್ರ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಪಂದ್ಯ, ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ತಾಗಬೇಕು. ಅದಕ್ಕೆ ಕ್ಯಾಮೆರಾವನ್ನು ಉದ್ದುದ್ದ ಹಿಡಿದು, ನಿಶಾನೆಗೆ ನೇರವಾಗಿ ಪಕ್ಕದಲ್ಲಿ ನಿಂತು, ಅಲ್ಲಿಗೇ ಮೊದಲು ಫೋಕಸ್ ಮಾಡಿಟ್ಟುಕೊಂಡು ಕಾಯಬೇಕು. ನನ್ನ ಒಂದು ಚಿತ್ರದಲ್ಲಿ ಹಲಗೆಯ ಮೇಲೆ ಒಂಟಿಕಾಲಿನಲ್ಲಿ ನಿಂತ ಓಟಗಾರ ನೀರಿನ ಗೋಡೆಯ ನಡುವೆ ಕಾಣುತ್ತಾನೆ, ಅವನ ಹಲ್ಲು ಕಚ್ಚಿದ ದವಡೆ ಸಮೇತ.

ಕತ್ತಲಾದ ಮೇಲೆ ಲೆಕ್ಕ ತಿರುಗಿತು. ಹೊನಲು ಬೆಳಕು ಕಣ್ಣಿಗೆ ಹಗಲಿನಂತೆ ಕಂಡರೂ ಕ್ಯಾಮೆರಾಕ್ಕೆ ಹಾಗಲ್ಲ. 250 ಎಂಎಂನಲ್ಲಿ, ಎಫ್ 5.6ರಲ್ಲಿ, ಐಎಸ್‌ಒ 6400ಕ್ಕೆ ಮತ್ತೆ ಅದೇ 1/100. ಕಬಿನಿಯ ಬೆಳಗು ನೆನಪಾಯಿತು. ಕೂಡಲೇ 50 ಎಂಎಂ ಹಾಕಿದೆ. ಎಫ್ 1.8ರಲ್ಲಿ ಒಳಬರುವ ಬೆಳಕು ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು, ಶಟರ್ ವೇಗ 1/1000ಕ್ಕೆ ಏರಿತು. ಆದರೆ 50 ಎಂಎಂಗೆ ಹತ್ತಿರ ಹೋಗಬೇಕು. ಓಟ ಮುಗಿಯುವ ಮಂಜೊಟ್ಟಿಯ ಪಕ್ಕ, ತಡೆಬೇಲಿಯ ಹೊರಗೆ, ಸ್ವಯಂಸೇವಕರನ್ನು ಕೇಳಿ ಜಾಗ ಮಾಡಿಕೊಂಡೆ. ಬೇಲಿ ದಾಟಿ ಕರೆಯ ಎದುರಿಗೆ ನಿಲ್ಲಲೇಬೇಡಿ. ಸೆಕೆಂಡಿಗೆ ಹತ್ತು ಮೀಟರಿನಷ್ಟು ವೇಗದಲ್ಲಿ ಬರುವ ಕೋಣಗಳು ಮಂಜೊಟ್ಟಿಯಲ್ಲಿ ಯಾವ ಕಡೆಗೆ ತಿರುಗುತ್ತವೆಂದು ಅವನ್ನು ಸಾಕಿದವರಿಗೂ ಹೇಳಲಾಗದು. ರಾತ್ರಿ ಕಂಬಳವನ್ನೇ ಹೆಚ್ಚು ತೆಗೆಯುವವರು, ಅಥವಾ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಮಕ್ಕಳ ಕಬಡ್ಡಿ, ಷಟಲ್ ತೆಗೆಯುವವರು 85 ಎಂಎಂ ಎಫ್ 1.8 ಅನ್ನು ಸೆಕೆಂಡ್ ಹ್ಯಾಂಡ್ ಹುಡುಕಿ. ಕ್ಯಾನನ್‌ನಲ್ಲಿ ಆ ಲೆನ್ಸ್ 1992ರಿಂದ ಇದೆ, ಹಳೆಯದು ಸಿಗುವುದು ಕಷ್ಟವಲ್ಲ. ಮುಂದಿನ ಕಂಬಳಕ್ಕೆ ನಾನು ತರಬೇಕೆಂದಿರುವುದೂ ಅದನ್ನೇ, 600 ಎಂಎಂ ಅಲ್ಲ.

ಕೆಸರಿನ ಬಗ್ಗೆ ಒಂದು ಮಾತು. ಲೆನ್ಸಿನ ಮುಂದೆ ಸಾದಾ ಯುವಿ ಫಿಲ್ಟರ್ ಹಾಕಿ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್‌ಬ್ಯಾಂಡ್ ಬಿಗಿಯಿರಿ. ಫಿಲ್ಟರ್ ಮೇಲೆ ಕೆಸರು ಸಿಡಿದರೆ ಸೆರಗಿನಿಂದಲೋ ಕರವಸ್ತ್ರದಿಂದಲೋ ಒರೆಸಬೇಡಿ, ಮರಳಿನ ಕಣ ಗೀರೆಳೆಯುತ್ತದೆ. ಒಣಗಲು ಬಿಟ್ಟು, ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಊದಿ, ಆಮೇಲೆ ಮೆತ್ತನೆಯ ಬಟ್ಟೆ ಬಳಸಿ. ಊರಿನಿಂದ ಮರಳಿದ ರಾತ್ರಿಯೇ ಲೆನ್ಸ್‌ಗಳನ್ನು ಬ್ಯಾಗಿನಿಂದ ತೆಗೆದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟೆ. ಜೆಲ್‌ನ ಬಣ್ಣ ಬದಲಾದಾಗ ಹರಳುಗಳನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ತುಂಬಿದರಾಯಿತು.