ಮೂರೇ ಆಪ್ಷನ್

ಮಂಡ್ಯದ ನೂರಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟ್ ಹೋದರೆ ಅರ್ಧ ಗಂಟೆ ತಡೆಯುವ ಯುಪಿಎಸ್. ವರ್ಷದಲ್ಲಿ ಬಹಳ ದಿನ ಪಹಣಿ, ಆಧಾರ್, ಬಾಂಡ್ ಪೇಪರ್ರಿನಲ್ಲೇ ಕಳೆಯುತ್ತೆ. ಇಂಜಿನಿಯರಿಂಗ್ ಸೀಟಿಗೆ ಬರೆಯೋ ಸಿಇಟಿ ಪರೀಕ್ಷೆಯ ರ‍್ಯಾಂಕ್ ಬಂತು ಅಂದರೆ ಮಾತ್ರ ಅಂಗಡಿ ಮುಂದೆ ಬೈಕು ನಿಲ್ಲಿಸೋಕೆ ಜಾಗ ಇರಲ್ಲ.

ಬರುವ ಮಕ್ಕಳಲ್ಲಿ ಎರಡು ಥರ. ಒಂದು ಥರದವರು ಪೆನ್‌ಡ್ರೈವ್ ಕೊಟ್ಟು, "ಇದೊಂದು ಪ್ರಿಂಟ್ ಹಾಕಿ ಅಂಕಲ್" ಅಂತಾರೆ. ಮನೆಯಲ್ಲೇ ಎಲ್ಲಾ ತುಂಬಿ, ಎರಡು ಸಲ ನೋಡಿ, ಪಿಡಿಎಫ್ ಮಾಡಿಕೊಂಡು ಬಂದಿರ್ತಾರೆ. ನನಗೆ ಸಿಗೋದು ಐದೋ ಹತ್ತೋ ರೂಪಾಯಿ. ಇನ್ನೊಂದು ಥರದವರು ಪ್ಲಾಸ್ಟಿಕ್ ಕವರ್ ಪೂರ್ತಿ ನನ್ನ ಮೇಜಿನ ಮೇಲೆ ಸುರಿದು, "ನೀವೇ ಹಾಕಣ್ಣ, ಯಾವುದ್ ಚೆಂದಾಗೈತೋ ಅದ್ನೇ ಹಾಕಿ" ಅಂತಾರೆ. ಆ ಕವರಿನಲ್ಲಿ ರೇಷನ್ ಕಾರ್ಡಿಂದ ಹಿಡಿದು ಪೋಲಿಯೋ ಹನಿ ಹಾಕಿಸಿದ ಚೀಟಿವರೆಗೆ ಎಲ್ಲಾ ಇರುತ್ತೆ, ಬೇಕಾದ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಒಂದು ಬಿಟ್ಟು.

ಹೋದ ವಾರ ಒಂದೇ ಮಧ್ಯಾಹ್ನ ಇಬ್ಬರು ಬಂದರು. ಹುಡುಗನ ಅಪ್ಪ ಪಿಯು ಕಾಲೇಜಿನಲ್ಲಿ ಲೆಕ್ಚರರ್. ಹುಡುಗಿ ಕೀಲಾರದ ಕಡೆಯವಳು, ಅವರಪ್ಪನಿಗೆ ಒಂದೂವರೆ ಎಕರೆ ಕಬ್ಬು. ರ‍್ಯಾಂಕ್ ಹೆಚ್ಚುಕಡಿಮೆ ಒಂದೇ. ಜಾತಿಯೂ ಒಂದೇ, ಬೇಕಾದರೆ ಎಲ್ಲೋ ಒಂದು ಕಡೆ ಇಬ್ಬರಿಗೂ ನಂಟಸ್ತನ ಸಿಗಬಹುದು. ಹುಡುಗ 84 ಆಪ್ಷನ್‌ನ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳ, ಪಟ್ಟಿ ತಂದಿದ್ದ. ಮೈಸೂರಿನ ಎನ್‌ಐಇ, ಜೆಸಿಇ, ವಿದ್ಯಾವರ್ಧಕ, ಆಮೇಲೆ ಬೆಂಗಳೂರಿನವು, ಪ್ರತಿಯೊಂದರ ಎದುರಿಗೂ ಹಿಂದಿನ ವರ್ಷ ಯಾವ ರ‍್ಯಾಂಕಿಗೆ ಸೀಟು ಮುಗಿದಿತ್ತು ಅನ್ನೋ ಲೆಕ್ಕ. ಹುಡುಗಿಯ ಕೈಯಲ್ಲಿ ನೋಟ್‌ಬುಕ್ಕಿನ ಅರ್ಧ ಹಾಳೆ. ಅದರಲ್ಲಿ ಮೂರು ಸಾಲು. ಮೂರೂ ಇಲ್ಲೇ ಮಂಡ್ಯದ ಪಿಇಎಸ್ ಕಾಲೇಜಿನ ಬ್ರಾಂಚು: ಸಿಎಸ್, ಐಎಸ್, ಇಸಿ.

"ಮೂರೇ ಏನಮ್ಮಾ?"

"ಜಾಸ್ತಿ ಹಾಕುದ್ರೆ ದೂರದ್ದು ಕೊಟ್ಬುಡ್ತಾರೆ ಅಂತ ಅಪ್ಪ ಹೇಳವ್ರೆ ಅಣ್ಣ."

ಈ ಭಯ ನನಗೆ ಹೊಸದಲ್ಲ. ಕಂಪ್ಯೂಟರ್ ಪಟ್ಟಿಯನ್ನ ಮೇಲಿಂದ ಕೆಳಕ್ಕೆ ನೋಡುತ್ತೆ, ಮೊದಲು ಯಾವುದು ಖಾಲಿ ಸಿಗುತ್ತೋ ಅದನ್ನ ಕೊಡುತ್ತೆ. ಕೆಳಗೆ ಎಷ್ಟು ಹಾಕಿದರೂ ಮೇಲಿನದಕ್ಕೆ ತೊಂದರೆ ಇಲ್ಲ. ಸಾಲು ಮಾತ್ರ ಸರಿಯಾಗಿ ಹಾಕಬೇಕು, ಅಷ್ಟೆ. ಬಸ್ ಸ್ಟ್ಯಾಂಡಿನಲ್ಲಿ ಮೊದಲನೇ ಬಸ್ಸಲ್ಲಿ ಜಾಗ ಇಲ್ಲದಿದ್ದರೆ ಎರಡನೇದು ನೋಡ್ತೀವಲ್ಲ, ಹಾಗೆ. ಮೂರೇ ಹಾಕಿ, ಮೂರೂ ತುಂಬಿಹೋದರೆ ಆ ಸುತ್ತಿನಲ್ಲಿ ಬರಿಗೈ. ಬಸ್ಸಿನ ಕಥೆ ಹೇಳಿದ ಮೇಲೆ ಅವರಪ್ಪ ತಲೆಯಾಡಿಸಿದರು. ಒಪ್ಪಿದ್ದಕ್ಕೋ, ನನ್ನ ಮರ್ಯಾದೆಗೋ ಗೊತ್ತಾಗಲಿಲ್ಲ. "ಮನೇಲಿ ಕೇಳ್ಕಂಡ್ ಬತ್ತೀವಿ" ಅಂದರು. ಮನೆಯಲ್ಲಿ ಯಾರನ್ನ ಕೇಳ್ತಾರೆ? ಅದೇ ನನ್ನ ತಕರಾರು. ಆ ಹುಡುಗನ ಮನೆಯಲ್ಲಿ ಕೇಳೋಕೆ ಒಬ್ಬ ಅಪ್ಪ ಇದ್ದಾರೆ, ಅಪ್ಪನ ಸ್ಟಾಫ್ ರೂಮಿದೆ, ಇನ್ಫೋಸಿಸ್‌ನಲ್ಲಿರೋ ಚಿಕ್ಕಪ್ಪನ ಮಗ ಇದ್ದಾನೆ. ಇವಳ ಮನೆಯಲ್ಲಿ ಇವಳೇ ಎಲ್ಲರಿಗಿಂತ ಜಾಸ್ತಿ ಓದಿರೋಳು.

ಮೀಸಲಾತಿ ಇದೆಯಲ್ಲ ಅಂತೀರಿ. ಇದೆ, ಬೇಕು ಕೂಡ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಅಂತಲೂ ಇದೆ. ಆದರೆ ಗ್ರಾಮೀಣ ಅಂತ ಅನ್ನಿಸಿಕೊಳ್ಳೋಕೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಊರಲ್ಲಿ ಏಳರವರೆಗೆ ಮಾತ್ರ ಶಾಲೆ ಇದೆ ಅಂತಲೋ, ಮೇಷ್ಟ್ರು ಸಾಲದು ಅಂತಲೋ ಎಂಟನೇ ಕ್ಲಾಸಿಗೆ ಮಂಡ್ಯಕ್ಕೆ ಸೇರಿಸಿದರೆ ಮುಗೀತು. ಆ ಮಗು ದಿನಾ ಬೆಳಗ್ಗೆ ಹಾಲಿನ ಡೈರಿಗೆ ಹಾಲು ಹಾಕಿ, ಬಸ್ಸಲ್ಲಿ ನಿಂತುಕೊಂಡು ಬಂದು ಓದಿ ಹೋಗಿರುತ್ತೆ. ಕಾಗದದ ಪ್ರಕಾರ ಮಾತ್ರ ಅದು ಗ್ರಾಮೀಣ ಅಲ್ಲ. ಆ ಮೂರು ವರ್ಷ ಯಾಕೆ ಟೌನಿಗೆ ಹಾಕಿದ್ವಿ ಅಂತ ಅಪ್ಪಂದಿರು ನನ್ನ ಅಂಗಡಿಯಲ್ಲಿ ಹಣೆ ಚಚ್ಚಿಕೊಂಡಿದ್ದು ಎಷ್ಟು ಸಲ ನೋಡಿದೀನೋ.

ಇನ್ನು ಒಟಿಪಿ. ಅರ್ಜಿಗೆ ಕೊಟ್ಟಿರೋ ನಂಬರು ಬೆಂಗಳೂರಲ್ಲಿ ಕಾರು ಓಡಿಸೋ ಸೋದರಮಾವನದು. ಅವರು ಗಾಡಿ ಓಡಿಸ್ತಾ ಇರ್ತಾರೆ, ಫೋನ್ ಎತ್ತಲ್ಲ. ಎತ್ತೋ ಹೊತ್ತಿಗೆ ಒಟಿಪಿ ಸತ್ತಿರುತ್ತೆ. ಮತ್ತೆ ಮೊದಲಿಂದ.

ಅಣಕು ಹಂಚಿಕೆಯ ಕಥೆಯೇ ಬೇರೆ. ಮಾಕ್ ಅಲಾಟ್‌ಮೆಂಟ್ ಅಂತ ಒಂದು ಬರುತ್ತೆ, ನೀವು ಹಾಕಿದ ಸಾಲಿಗೆ ಈಗ ಏನು ಸಿಗಬಹುದು ಅಂತ ತೋರಿಸೋಕೆ. ಅದನ್ನ ನೋಡಿ ಸಾಲು ಬದಲಿಸಿಕೊಳ್ಳಬಹುದು. ಒಂದು ವರ್ಷ ಮದ್ದೂರು ಕಡೆಯ ಒಬ್ಬ ಗೌಡರು ಅದನ್ನೇ ಸೀಟು ಅಂದುಕೊಂಡು ಒಂದು ಕೆಜಿ ಜಿಲೇಬಿ ತಂದು ಅಂಗಡಿಯಲ್ಲಿದ್ದವರಿಗೆಲ್ಲ ಹಂಚಿದರು. ನಾನೂ ತಿಂದೆ. ತಿಂದ ಮೇಲೆ ಅವರಿಗೆ ಹೇಗೆ ಹೇಳೋದು? ಹೇಳಿದೆ. "ಹಂಗಾರೆ ಇದು ಸುಳ್ಳಾ?" ಅಂದರು. ಸುಳ್ಳೂ ಅಲ್ಲ ನಿಜವೂ ಅಲ್ಲ ಅಂತ ವಿವರಿಸೋ ಹೊತ್ತಿಗೆ ನನಗೇ ಗಂಟಲು ಕಟ್ಟಿತು.

ನಾನೇನೂ ದೊಡ್ಡ ತಿಳಿದವನಲ್ಲ. ಸಿಇಟಿ ಶುರುವಾಗಿದ್ದು 1994ರಲ್ಲಿ, ನಾನು ಬರೆದಿದ್ದು 1999ರಲ್ಲಿ. ಆಗ ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕಿತ್ತು. ಬೆಳಗಿನ ಜಾವದ ರೈಲಿಗೆ ಅಪ್ಪ ಕರೆದುಕೊಂಡು ಹೋದರು. ಟವೆಲ್ಲಲ್ಲಿ ರೊಟ್ಟಿ ಕಟ್ಟಿಕೊಂಡಿದ್ದರು, ಆ ಜನ ನೋಡಿ ನಾಚಿಕೆಯಾಗಿ ಬಿಚ್ಚಲೇ ಇಲ್ಲ. ಕಂಪ್ಯೂಟರ್ ಮುಂದೆ ಕೂತವರು ಯಾವ ಕಾಲೇಜು, ಯಾವ ಬ್ರಾಂಚು ಅಂದರು. ನಾನು "ಯಾವುದು ಚೆನ್ನಾಗಿರುತ್ತೆ ಸಾರ್?" ಅಂದೆ. "ಬೇಗ ಹೇಳಪ್ಪ, ಹಿಂದೆ ಜನ ಇದಾರೆ." ಪರದೆಯ ಮೇಲೆ ಮೊದಲು ಕಂಡಿದ್ದನ್ನ ಹೇಳಿದೆ. ಈಗ ನನ್ನ ಮುಂದೆ ಕೂರೋ ಮಕ್ಕಳು ಅದೇ ಪ್ರಶ್ನೆ ಕೇಳ್ತಾರೆ. ಬೇಗ ಹೇಳಿ ಅಂತ ಮಾತ್ರ ನಾನು ಅನ್ನಲ್ಲ, ಕ್ಯೂ ರಸ್ತೆಗೆ ಬಂದಿದ್ದರೂ.

ಸೀಟು ಸಿಕ್ಕಿದರೆ ಕೆಲಸ ಮುಗೀತು ಅಂದುಕೊಂಡವರಲ್ಲಿ ನಾನೂ ಒಬ್ಬ. ಹತ್ತನೇ ಕ್ಲಾಸಿನವರೆಗೆ ಕನ್ನಡ, ಪಿಯುಸಿ ಸೈನ್ಸನ್ನ ಉರು ಹೊಡೆದು ದಾಟಿದ್ದೆ. ಇಂಜಿನಿಯರಿಂಗ್‌ನಲ್ಲಿ ವೈವಾ ಅಂತ ನಿಲ್ಲಿಸಿದಾಗ ಉತ್ತರ ಗೊತ್ತಿರುತ್ತಿತ್ತು, ವಾಕ್ಯ ಗೊತ್ತಿರುತ್ತಿರಲಿಲ್ಲ. ದಿನಾ ಎರಡು ಬಸ್ಸು ಬದಲಿಸಿ ಊರಿಂದ ಹೋಗಿಬರುತ್ತಿದ್ದೆ. ಹಳೇ ಪ್ರಶ್ನೆಪತ್ರಿಕೆ, ಸೀನಿಯರ್ಸ್ ನೋಟ್ಸು, ಯಾವ ಮೇಷ್ಟ್ರು ಏನು ಕೇಳ್ತಾರೆ ಅನ್ನೋದೆಲ್ಲ ಹಾಸ್ಟೆಲಿನಲ್ಲಿ ರಾತ್ರಿ ಹತ್ತರ ಮೇಲೆ ಕೈ ಬದಲಾಗುತ್ತಿತ್ತಂತೆ. ಆ ಹೊತ್ತಿಗೆ ನಾನು ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕಿ ಮಲಗಿರುತ್ತಿದ್ದೆ. ಇಯರ್ ಬ್ಯಾಕ್ ಆಯಿತು, ಅಂದರೆ ಫೇಲಾಗಿ ಮುಂದಿನ ವರ್ಷಕ್ಕೆ ಹೋಗೋ ಹಾಗಿರಲಿಲ್ಲ. ಮತ್ತೆ ಹೋಗಲಿಲ್ಲ.

ಒಂದು ತಪ್ಪು ನಂದೂ ಇದೆ, ಬರೆದೇಬಿಡ್ತೀನಿ. ಸೀಟು ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್ ಇರುತ್ತೆ. ಒಂದನೇದು, ಒಪ್ಪಿ ಸೇರೋದು. ಎರಡು, ಇದನ್ನ ಇಟ್ಟುಕೊಂಡೇ ಮೇಲಿನದಕ್ಕೆ ಕಾಯೋದು. ಮೂರು, ಇದನ್ನ ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. ನಾಲ್ಕು, ಪೂರ್ತಿ ಹೊರಗೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನಿಗೆ, "ಮೂರು ಒತ್ತು, ಇದಕ್ಕಿಂತ ಒಳ್ಳೇದು ಸಿಗುತ್ತೆ" ಅಂದುಬಿಟ್ಟೆ. ಎರಡು ಒತ್ತಿಸಬೇಕಿತ್ತು. ಮುಂದಿನ ಸುತ್ತಿನಲ್ಲಿ ಏನೂ ಬರಲಿಲ್ಲ, ಕೈಯಲ್ಲಿದ್ದದ್ದೂ ಹೋಯಿತು. ಬಿಎಸ್ಸಿ ಸೇರಿದ. ಈಗಲೂ ಪೇಟೆಬೀದಿಯಲ್ಲಿ ಸಿಕ್ಕರೆ "ಚೆಂದಾಗಿದೀರಾ ಅಣ್ಣ" ಅಂತಾನೆ. ಒಂದು ಸಲ ಬೈದಿದ್ದರೆ ಆಗಿತ್ತು.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡೋ ಹುಡುಗಿಯೊಬ್ಬಳು ಪ್ರಬಂಧದ ಅಧ್ಯಾಯಗಳನ್ನ ನನ್ನ ಹತ್ತಿರ ಪ್ರಿಂಟ್ ತೆಗೆಸ್ತಾಳೆ. ಪ್ರಿಂಟರಿಂದ ಬರೋ ಹಾಳೆ ಓದೋ ಚಟ ನನಗೆ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೆ ದಾರಿ ಏನು ಅಂತ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. ಎರಡೇ ವರ್ಷ! ಕಾಲೇಜಿನ ಬಾಗಿಲು ತೆಗೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲ್ಲ ಅಂತ ಆಗಲೇ ಗೊತ್ತಿತ್ತು ಅಂತಾಯ್ತು. ಇನ್ನೊಂದು ಹಾಳೆಯಲ್ಲಿ ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆ. 18ರಿಂದ 23 ವಯಸ್ಸಿನ ಲೆಕ್ಕದಲ್ಲಿ ಕಾಲೇಜಿಗೆ ದಾಖಲಾದವರು ದೇಶದಲ್ಲಿ ನೂರಕ್ಕೆ 28.4, ಪರಿಶಿಷ್ಟ ಜಾತಿಯಲ್ಲಿ 25.9, ಪರಿಶಿಷ್ಟ ಪಂಗಡದಲ್ಲಿ 21.2. ಅಂತರ ಕಮ್ಮಿ ಆಗ್ತಾ ಇದೆ ಅಂತ ಅವಳು ಖುಷಿಯಲ್ಲಿದ್ದಳು. ನಾನು ಕೇಳಿದೆ, ದಾಖಲಾದವರ ಲೆಕ್ಕ ಸರಿ, ಇದರಲ್ಲಿ ಮೂರೇ ಆಪ್ಷನ್ ಹಾಕಿದವರು ಎಷ್ಟು ಜನ? ನಕ್ಕಳು. ಆಮೇಲೆ ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡಳು.

ಅವಳೂ ಹಳ್ಳಿಯವಳೇ. ಮಂಡ್ಯದಿಂದ ಮೈಸೂರಿಗೆ ದಿನಾ ಓಡಾಡ್ತಾಳೆ. ಹೆಂಗಸರಿಗೆ ಬಸ್ಸು ಉಚಿತ ಆಗಿದ್ದು 2023ರ ಜೂನ್‌ನಲ್ಲಿ. ಅದಕ್ಕೆ ಮುಂಚೆ ಪಾಸಿನ ದುಡ್ಡಿಗೆ ಅಣ್ಣನ ಮುಖ ನೋಡಬೇಕಿತ್ತಂತೆ. ಬಿಟ್ಟಿ ಬಸ್ಸು ಅಂತ ಆಡಿಕೊಳ್ಳೋರು ನನ್ನ ಅಂಗಡಿಗೂ ಬರ್ತಾರೆ. ಅವರಿಗೆ ಜೆರಾಕ್ಸ್ ಒಂದು ರೂಪಾಯಿ ಜಾಸ್ತಿ ಹಾಕಬೇಕು ಅನ್ನಿಸುತ್ತೆ. ಹಾಕಿಲ್ಲ.

ಕೀಲಾರದವರು ನಿನ್ನೆ ಸಂಜೆ ಮತ್ತೆ ಬಂದರು. ಅದೇ ಅರ್ಧ ಹಾಳೆ. ಮೂರರ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೂ ಹನ್ನೊಂದು ಸಾಲು ಸೇರಿತ್ತು. ಹತ್ತು ಮೈಸೂರಿನವು, ಕೊನೆಯದೊಂದು ಬೆಂಗಳೂರಿನದು. ಆ ಬೆಂಗಳೂರಿನದರ ಮೇಲೆ ಒಂದು ಸಲ ಗೀಟು ಎಳೆದು, ಮತ್ತೆ ಅಳಿಸಿದ್ದ ಗುರುತಿತ್ತು. ಯಾರು ಎಳೆದರು, ಯಾರು ಅಳಿಸಿದರು ಅಂತ ನಾನು ಕೇಳಲಿಲ್ಲ. ತುಂಬೋಣ ಅಂದರೆ ಸರ್ವರ್ ಸುತ್ತುತ್ತಲೇ ಇತ್ತು, ಎಂಟೂವರೆವರೆಗೆ ಕಾದು ಬಿಟ್ಟೆವು. ಬೆಳಗಿನ ಜಾವ ಬೇಗ ತೆಗೆದುಕೊಳ್ಳುತ್ತೆ, ಐದೂವರೆಗೆ ಬನ್ನಿ ಅಂದೆ. ಅಷ್ಟೊತ್ತಿಗೆ ಬಸ್ಸಿಲ್ಲ. ಅವರಪ್ಪ ಯಾರದೋ ಟಿವಿಎಸ್ ಕೇಳಿದ್ದಾರಂತೆ. ನಾನು ಐದಕ್ಕೇ ಶಟರ್ ಎತ್ತಬೇಕು, ಮಲಗ್ತೀನಿ.