ಪರದೆಯ ಈಚೆ

ಇವತ್ತು ಒಂದು ಪುಟ್ಟ ಹುಡುಗಿಯನ್ನ ಕೋರ್ಟಿಗೆ ಕರ್ಕೊಂಡು ಹೋಗಿದ್ದೆ. ಸಾಕ್ಷಿ ಹೇಳೋಕಲ್ಲ, ಬರೀ ಕೋಣೆ ತೋರಿಸೋಕೆ. ಪೋಕ್ಸೊ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮಗುವಿನ ಜೊತೆಗಿರೋ ಸಪೋರ್ಟ್ ಪರ್ಸನ್ ಕೆಲಸ ನನ್ನದು.

ಕುರ್ಚಿ ಮೇಲೆ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ನನ್ನ ದುಪಟ್ಟಾದ ತುದಿಯನ್ನ ಬೆರಳಿಗೆ ಸುತ್ತಿಕೊಳ್ತಾ, "ಅಕ್ಕಾ, ಅವನು ಎಲ್ಲಿ ನಿಂತಿರ್ತಾನೆ?" ಅಂದಳು. ಪರದೆ ತೋರಿಸಿದೆ. ಎದ್ದು ಹೋಗಿ ಅದರ ಹಿಂದೆ ಇಣುಕಿ ನೋಡಿ ಬಂದಳು. ಆಮೇಲೇ ದುಪಟ್ಟಾ ಬಿಟ್ಟಿದ್ದು.

ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಮಗುವನ್ನ ಪದೇಪದೇ ಕೋರ್ಟಿಗೆ ಕರೆಸಬಾರದು ಅಂತ 2012ರ ಪೋಕ್ಸೊ ಕಾಯ್ದೆಯಲ್ಲೇ ಇದೆ. ಆದರೂ ಈ ಮಗು ನಡೆದಿದ್ದನ್ನ ಈಗಾಗಲೇ ಎಷ್ಟು ಜನಕ್ಕೆ ಹೇಳಿದೆಯೋ! ನಾನಂತೂ ಒಂದು ಸಲವೂ ಕೇಳಿಲ್ಲ. ನಿದ್ದೆ ಬಂತಾ, ಊಟ ಸೇರ್ತಾ, ಶಾಲೆಗೆ ಹೋದ್ಯಾ, ಇಷ್ಟೇ ಕೇಳೋದು. ಕೌನ್ಸೆಲಿಂಗ್ ಅಂದ್ರೆ ಬಾಯಿ ಬಿಡಿಸೋದು ಅಂದ್ಕೊಂಡಿರೋರಿಗೆ ಇದು ಕೆಲಸದ ಥರ ಕಾಣಲ್ಲವೇನೋ. ನನಗೆ ಇದೇ ಕೆಲಸ.

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕಡ್ಲೆಕಾಯಿ ಸುಲಿದು ನನಗೂ ಕೊಟ್ಟಳು. "ನಾಳಿದ್ದೂ ನೀವೇ ಬರ್ತೀರಲ್ವಾ?" ಅಂದಳು.

ಬರ್ತೀನಿ ಪುಟ್ಟಾ.